ಕಾಲಮುಂದ ಹುಟ್ಟಿದವರು

ನನಗೆ ಆರು ವರ್ಷವಾದಾಗಿನಿಂದ ಜನ ನನ್ನ ಕಾಲಿಗೆ ಬೆನ್ನು ಕೊಡುತ್ತಾ ಬಂದಿದ್ದಾರೆ. ಟೊಂಕ ಹಿಡಿದವರು ಹೊತ್ತು ಹುಟ್ಟುವ ಮುಂಚೆಯೇ ನಮ್ಮ ಪಡಸಾಲೆಗೆ ಬಂದು ಬೋರಲು ಮಲಗುತ್ತಿದ್ದರು. ಅವ್ವ ನಿದ್ದೆಗಣ್ಣಲ್ಲಿದ್ದ ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದು, ಅವರ ಸೊಂಟದ ಮೇಲೆ ನನ್ನ ಎಡಗಾಲು ಊರಿಸುತ್ತಿದ್ದಳು. ಮೂರು ಸಲ. ಯಾರೂ ಮಾತಾಡುವಂತಿಲ್ಲ. ಎದ್ದವರು ಹಿಂತಿರುಗಿ ನೋಡದೆ ಹೋಗಬೇಕು. ಎರಡು ದಿನ ಬಿಟ್ಟು ಒಂದು ಬೊಗಸೆ ಶೇಂಗಾ ಇಲ್ಲವೇ ಬೆಲ್ಲದ ಹೆಂಟೆ ಮನೆಗೆ ಬರುತ್ತಿತ್ತು. ನನ್ನ ಯೋಗ್ಯತೆ ಇಷ್ಟೇ: 1952ರ ಮಳೆಗಾಲದಲ್ಲಿ, ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ತಲೆಯ ಬದಲು ಕಾಲು ಮುಂದೆ ಮಾಡಿ ಹುಟ್ಟಿದ್ದೆ.

ನಮ್ಮ ಕಡೆ ಇಂಥವರಿಗೆ ಹೆಸರು ಮೂರು. ಕನ್ನಡದವರು ‘ಕಾಲಮುಂದ ಹುಟ್ಟಿದಾಂವ’ ಅನ್ನುತ್ತಾರೆ. ಮರಾಠಿ ಮಂದಿ ‘ಪಾಯಾಳೂ’ ಅನ್ನುತ್ತಾರೆ. ಉರ್ದುವಿನಲ್ಲಿ ‘ಪಾಯಲ್’. ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಭಾಲ್ಕಿಯಲ್ಲಿ ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದೆ. ಭಾಷೆಯ ಜಗಳ ಎಷ್ಟೋ ನೋಡಿದ್ದೇನೆ, ಟೊಂಕ ಹಿಡಿದಾಗ ಮಾತ್ರ ಮೂರೂ ಭಾಷೆಯವರು ಒಂದೇ ಥರ ಬೋರಲು ಬೀಳುತ್ತಿದ್ದರು.

ಈ ಹುಟ್ಟಿಗೆ ಭಯವೂ ಅಂಟಿಕೊಂಡಿತ್ತು. ಪಾಯಾಳೂವಿನ ಮೇಲೆ ಸಿಡಿಲು ಬೀಳುತ್ತದೆ ಎಂದು ಗುಡುಗು ಕೇಳಿದ ಕೂಡಲೇ ನನ್ನನ್ನು ಒಳಗೆ ದಬ್ಬಿ ಕದ ಹಾಕುತ್ತಿದ್ದರು. ಕಣ್ಣಿಗೆ ಅಂಜನ ಹಚ್ಚಿದರೆ ಇವನಿಗೆ ನೆಲದೊಳಗಿನ ಹೊನ್ನು ಕಾಣುತ್ತದೆ ಎಂಬ ನಂಬಿಕೆ ಇನ್ನೂ ಕೆಟ್ಟದ್ದು. ಬಹಮನಿ ಸುಲ್ತಾನರ ಕೋಟೆ ಇರುವ ಜಿಲ್ಲೆಯಲ್ಲಿ ಹೂತಿಟ್ಟ ಹೊನ್ನಿನ ಕತೆಗೆ ಬರವೇ? ಅಪರಿಚಿತರು ಮನೆಯ ಮುಂದೆ ನಿಂತು ನನ್ನ ಬಗ್ಗೆ ವಿಚಾರಿಸಿದರೆ ಅವ್ವನ ಮುಖ ಬಿಳಿಚಿಕೊಳ್ಳುತ್ತಿತ್ತು. ರೋಮನ್ನರಲ್ಲೂ ಕಾಲಮುಂದ ಹುಟ್ಟಿದವರಿಗೆ ‘ಅಗ್ರಿಪ್ಪ’ ಎಂಬ ಹೆಸರಿತ್ತಂತೆ. ಅಂಥ ಹುಟ್ಟು ಪ್ರಕೃತಿಗೆ ವಿರುದ್ಧ ಎಂದು ಪ್ಲಿನಿ ಬರೆದಿದ್ದಾನೆ. ಅವರಿಗೆ ಅಪಶಕುನವಾದದ್ದು ನಮಗೆ ಬೆನ್ನುನೋವಿನ ಔಷಧವಾಯಿತು. ನಮ್ಮವರೇ ವಾಸಿ.

ನಾಲ್ಕು ವರ್ಷದ ಹಿಂದೆ ಕಿರಿಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟನೇ ತಿಂಗಳು. ಬೀದರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಸಂಜೆ ಬಸ್ಸಿಗೆ ವಾಪಸಾದೆವು. ಸುಮಾರು 40 ಕಿಲೋಮೀಟರು ದಾರಿ. ಅಷ್ಟು ದೂರವೂ ನನ್ನ ಹೆಂಡತಿ ಆ ಕಾಗದದ ಲಕೋಟೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅದರಲ್ಲಿ ‘ಬ್ರೀಚ್’ ಎಂದು ಬರೆದಿತ್ತು.

“ಕೂಸು ಉಲ್ಟಾ ಅದ ಅಂತ್ರಿ. ನಿಮ್ಮಂಗೇ,” ಅಂದಳು. ಆ ‘ನಿಮ್ಮಂಗೇ’ ಎಂಬುದರಲ್ಲಿ ತಪ್ಪೆಲ್ಲ ನನ್ನದೇ ಎಂಬ ಧಾಟಿ ಇತ್ತು.

ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಮಗಳು ಮಗ್ಗುಲು ಬದಲಿಸುವ ಮೊದಲು ಎದ್ದು ಕೂತು ಆಮೇಲೆ ತಿರುಗಬೇಕು, ಇಲ್ಲದಿದ್ದರೆ ಹುರಿ ಕೂಸಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎಂದು ಒಬ್ಬರು ಹೇಳಿದರು. ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿ ಕೂಸನ್ನು ತಿರುಗಿಸುವ ಮುದುಕಿ ಒಬ್ಬಳಿದ್ದಾಳೆ ಎಂದು ಇನ್ನೊಬ್ಬರು. ಅದೊಂದಕ್ಕೆ ನಾನು ಖಡಾಖಂಡಿತ ಬೇಡವೆಂದೆ. ರಾತ್ರಿ ನಿದ್ದೆ ಬಾರದೆ, ನಾನು ಹುಟ್ಟಿದ ಕತೆಯನ್ನು ಮತ್ತೆ ಮೊದಲಿನಿಂದ ನೆನಪು ಮಾಡಿಕೊಳ್ಳತೊಡಗಿದೆ.

ಅದನ್ನು ನನಗೆ ಹೇಳಿದವಳು ಆಯಿ, ನನ್ನ ಅಜ್ಜಿ. ನಮ್ಮೂರಿನ ದಾಯಿ ಊರ ಹೊರಗಿನ ಕೇರಿಯವಳು. ಹೆರಿಗೆ ಇದ್ದಾಗ ಅಡುಗೆಮನೆ ಪಕ್ಕದ ಕತ್ತಲಕೋಣೆಯವರೆಗೂ ಬರುತ್ತಿದ್ದಳು. ಹನ್ನೊಂದನೆಯ ದಿನದ ಮೇಲೆ ಅವಳಿಗೆ ಮತ್ತೆ ಅಂಗಳವೇ ಗತಿ. ಐದು ಸೇರು ಜೋಳ, ಒಂದು ಕುಬಸದ ಕಣ, ತಿಂದುಳಿದ ಹೋಳಿಗೆ ಅವಳ ಸಂಬಳ. ಈ ಲೆಕ್ಕ ಹೇಳುವಾಗ ಆಯಿಗೆ ನಾಚಿಕೆ ಇರಲಿಲ್ಲ, ಕೇಳುವಾಗ ನನಗೂ ಇರಲಿಲ್ಲ. ಈಗ ಇದೆ.

ಕುಬಸದ ದಿನ ದಾಯಿ ಅವ್ವನ ಹೊಟ್ಟೆ ನೋಡಿದಳಂತೆ. ನೋಡಿದಳು ಅಂದರೆ ಕಣ್ಣು ಮುಚ್ಚಿ ಮುಟ್ಟಿದಳು. ಮೊದಲು ಎರಡೂ ಅಂಗೈ ಹೊಟ್ಟೆಯ ಮೇಲ್ತುದಿಗೆ. ಅಲ್ಲಿ ಸಿಕ್ಕದ್ದು ಮೆತ್ತಗಿದ್ದರೆ ಅದು ಕುಂಡಿ. ಗಟ್ಟಿ, ಗುಂಡಗೆ, ಬೆರಳಿಂದ ತಟ್ಟಿದರೆ ನೀರಲ್ಲಿ ತೇಲುವ ತೆಂಗಿನಕಾಯಿಯಂತೆ ಅತ್ತ ಹೋಗಿ ಇತ್ತ ಬಂದರೆ ಅದು ತಲೆ. ಆಮೇಲೆ ಎರಡು ಪಕ್ಕ: ಒಂದು ಕಡೆ ಹಲಗೆಯಂಥ ಬೆನ್ನು, ಇನ್ನೊಂದು ಕಡೆ ಕೈಕಾಲಿನ ಗಂಟುಗಂಟು. ಕೊನೆಗೆ ಕೆಳಹೊಟ್ಟೆ. ಅಷ್ಟಾದ ಮೇಲೆ ಕೈ ಒರೆಸಿಕೊಂಡು ಹೇಳಿದಳು: “ತಲಿ ಮ್ಯಾಲದರೀ ಆಯಿ. ಕುಂತದ ಕೂಸು.”

ಜರ್ಮನಿಯ ಕ್ರಿಸ್ಟಿಯನ್ ಗೆರ್ಹಾರ್ಡ್ ಲಿಯೊಪೋಲ್ಡ್ ಎಂಬ ವೈದ್ಯ 1890ರ ದಶಕದಲ್ಲಿ ಹೀಗೇ ನಾಲ್ಕು ಹಿಡಿತಗಳನ್ನು ಕ್ರಮವಾಗಿ ಬರೆದಿಟ್ಟ. ಇಂದಿಗೂ ನರ್ಸಿಂಗ್ ಶಾಲೆಗಳಲ್ಲಿ ಅವು ಅವನ ಹೆಸರಿನಲ್ಲೇ ಪಾಠವಾಗುತ್ತವೆ. ಅದೇ ಕಾಲಕ್ಕೆ ಪ್ಯಾರಿಸ್ಸಿನಲ್ಲಿ ಅಡಾಲ್ಫ್ ಪಿನಾರ್ ಎಂಬುವನು ಕೂಸಿನ ಎದೆಬಡಿತ ಕೇಳುವ ತುತ್ತೂರಿಯಂಥ ಕೊಳವೆ ಮಾಡಿದ. ನಮ್ಮ ಉಪಕೇಂದ್ರದ ನರ್ಸಬಾಯಿಯ ಚೀಲದಲ್ಲಿ ನಾನು ಕಂಡದ್ದು ಅದನ್ನೇ. ನಮ್ಮ ದಾಯಿಗೆ ಲಿಯೊಪೋಲ್ಡ್ ಗೊತ್ತಿರಲಿಲ್ಲ. ಅವಳ ಅತ್ತೆ ಗೊತ್ತಿದ್ದಳು, ಕಲಿಸಿದವಳು ಅವಳೇ. ಪಾವಗಡದ ಸೂಲಗಿತ್ತಿ ನರಸಮ್ಮನವರೂ ಹೀಗೆ ಅಜ್ಜಿಯಿಂದ ಕಲಿತವರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ಕೈಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ನನ್ನ ಹೆರಿಗೆಯಲ್ಲಿ ದಾಯಿ ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದೇ ದೊಡ್ಡದು. ಕಾಲು ಕಂಡವು. ಕೋಣೆಯಲ್ಲಿದ್ದ ಹೆಂಗಸರೆಲ್ಲ “ಎಳಿ, ಎಳಿ” ಎಂದು ಕೂಗಿದರಂತೆ. ಅವಳು ಎಳೆಯಲಿಲ್ಲ. ಎಳೆದರೆ ಕೂಸಿನ ಕೈ ತಲೆಯ ಮೇಲಕ್ಕೆ ಏರುತ್ತವೆ, ಗದ್ದ ಮೇಲೆದ್ದು ತಲೆ ಸಿಕ್ಕಿಕೊಳ್ಳುತ್ತದೆ. ಕಾಯಿಸಿದ ಅರಿವೆಯನ್ನು ನನ್ನ ಮೈಗೆ ಸುತ್ತಿ, ಅವ್ವನನ್ನು ಅಂಚಿಗೆ ತಂದು, ನನ್ನನ್ನು ನನ್ನ ಭಾರಕ್ಕೇ ಜೋತುಬಿಟ್ಟು, ಹಿಂಗತ್ತಿನ ಕೂದಲು ಕಾಣುವವರೆಗೂ ಕೈ ಮಡಚಿ ಕಾದಳು. “ಅಕಿ ಸುಮ್ಮ ಕುಂತಿದ್ದು ನೋಡಿ ನನಗ ಅಕಿನ್ನ ಹೊಡೀಬೇಕು ಅನಿಸ್ತು,” ಅನ್ನುತ್ತಿದ್ದಳು ಆಯಿ. ಹಾಗೆ ಸುಮ್ಮನೆ ಕೂರಲು ಎಷ್ಟು ಗುಂಡಿಗೆ ಬೇಕೆಂದು ನನಗೆ ಅರ್ಥವಾದದ್ದು ಮಗಳ ಕಾಗದ ಕೈಗೆ ಬಂದ ಮೇಲೆ.

ಆದರೆ ಹಿಂದಿನ ಕಾಲ ಚಂದವಿತ್ತು ಎಂದು ಹೇಳಹೊರಟವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ಕೂತ ಕೂಸಿಗೆ ಒಂದು ದಾರಿ ಇತ್ತು, ಅಡ್ಡ ಮಲಗಿದ ಕೂಸಿಗೆ ಇರಲಿಲ್ಲ. ಸುಶ್ರುತ ಸಂಹಿತೆ ಹೆರಿಗೆಯ ದಾರಿಯಲ್ಲಿ ಸಿಕ್ಕಿಕೊಳ್ಳುವ ಗರ್ಭವನ್ನು ಮೂಢಗರ್ಭ ಎಂದು ಕರೆದು ನಾಲ್ಕು ಬಗೆ ಹೇಳುತ್ತದೆ: ಕೀಲ, ಪ್ರತಿಖುರ, ಬೀಜಕ, ಪರಿಘ. ಪರಿಘ ಅಂದರೆ ಬಾಗಿಲಿಗೆ ಅಡ್ಡ ಹಾಕುವ ಅಗಳಿ. ನಮ್ಮ ಹಳೆಯ ಮನೆಯ ಗೋಡೆಯಲ್ಲಿ ಅಂಥ ಅಗಳಿ ಇತ್ತು. ತೋಳು ಗಾತ್ರದ ಮರದ ದಿಮ್ಮಿ, ಎಳೆದು ಅಡ್ಡ ಹಾಕಿದರೆ ಹೊರಗಿನಿಂದ ನಾಲ್ಕು ಜನ ಗುದ್ದಿದರೂ ಕದ ಅಲುಗದು. ಇಷ್ಟು ಸರಿಯಾದ ಹೆಸರು ಇಟ್ಟವನು ಆ ಹೆರಿಗೆಯನ್ನು ಕಣ್ಣಾರೆ ಕಂಡಿರಲೇಬೇಕು.

ನಮ್ಮ ಓಣಿಯಲ್ಲೇ ಅಂಥದ್ದು ಆಯಿತು. ನನಗೆ ಎಂಟೋ ಒಂಬತ್ತೋ ವರ್ಷ. ನೀರು ಒಡೆದು ಕೂಸಿನ ಒಂದು ಕೈ ಹೊರಬಂದಿತ್ತಂತೆ. ದಾಯಿ ನೋಡಿ ಹೊರಗೆ ಬಂದು, “ಇದು ನನ್ನ ಕೈಲಿ ಆಗಲ್ಲ, ಬೀದರಿಗೆ ಒಯ್ರಿ,” ಅಂದಳು. ಔರಾದಿಗೆ ರೈಲಿಲ್ಲ, ಅದು ಭಾಲ್ಕಿ, ಕಮಲನಗರದ ಮೇಲೆ ಹಾದುಹೋಗುತ್ತದೆ. ನಡುವೆ ಮಾಂಜರಾ ಹೊಳೆ, ಮೇಲೆ ಶ್ರಾವಣದ ಮಳೆ. ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ಮಲಗಿಸಿದರು. ಮರುದಿನ ಮಧ್ಯಾಹ್ನ ಬಂಡಿ ವಾಪಸು ಬಂತು. ಎತ್ತುಗಳ ಕೊರಳ ಗೆಜ್ಜೆ ಬಿಚ್ಚಿದ್ದರು. ಅದು ನನಗೆ ಈಗಲೂ ಕಾಣುತ್ತದೆ: ಸದ್ದಿಲ್ಲದೆ ಬರುವ ಬಂಡಿ.

ಅರಮನೆಯವರಿಗೂ ಈ ಸಾವು ಹೊಸದಲ್ಲ. 1948ರವರೆಗೆ ನಾವು ನಿಜಾಮನ ಪ್ರಜೆಗಳು, ದೊಡ್ಡ ದವಾಖಾನೆ ಅಂದರೆ ಹೈದರಾಬಾದು. ನಿಜಾಮನ ಎರಡನೆಯ ಸೊಸೆ ನಿಲೋಫರ್, ತನ್ನ ನೆಚ್ಚಿನ ದಾಸಿ ಹೆರಿಗೆಯಲ್ಲಿ ಸತ್ತದ್ದಕ್ಕೆ ನೊಂದು ಆಸ್ಪತ್ರೆ ಕಟ್ಟಿಸಲು ಹಟ ಹಿಡಿದಳೆಂದು ಹೇಳುತ್ತಾರೆ. ಅವಳ ಹೆಸರಿನ ಆ ಆಸ್ಪತ್ರೆ ಶುರುವಾದದ್ದು 1953ರಲ್ಲಿ, ಅಂದರೆ ನಾನು ಹುಟ್ಟಿದ ಮರುವರ್ಷ. ಅರಮನೆಯ ದಾಸಿಗೇ ಸಿಗದ್ದು ಔರಾದಿನ ಬಂಡಿಗೆ ಸಿಗುವುದೆಲ್ಲಿಂದ?

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1970ರ ದಶಕದ ಕೊನೆಗೆ ಸರ್ಕಾರ ದಾಯಿಯರಿಗೆ ತರಬೇತಿ ಕೊಟ್ಟು, ಬ್ಲೇಡು, ದಾರ, ಸಾಬೂನು ಇರುವ ಪೆಟ್ಟಿಗೆ ಹಂಚಿತು. ಆಮೇಲೆ ಎಣಿಕೆ ತಿರುಗಿತು. 2005ರ ಜನನಿ ಸುರಕ್ಷಾ ಯೋಜನೆಯಲ್ಲಿ ದವಾಖಾನೆಯ ಹೆರಿಗೆಗೆ ದುಡ್ಡು, ಕರೆದುಕೊಂಡು ಹೋಗಲು ಆಶಾ. 2007ರಲ್ಲಿ ಬೀದರಿಗೆ ಸರ್ಕಾರಿ ಮೆಡಿಕಲ್ ಕಾಲೇಜು. 2008ರ ನವೆಂಬರಿನಿಂದ 108 ಗಾಡಿ. ದಾಯಿಯ ಪೆಟ್ಟಿಗೆ ಅಟ್ಟ ಸೇರಿತು. ನಮ್ಮ ದಾಯಿಯ ಸೊಸೆ ಅತ್ತೆಯ ಕೈಯನ್ನು ಕಲಿಯಲಿಲ್ಲ, ಅಂಗನವಾಡಿಯಲ್ಲಿ ಅಡುಗೆಗೆ ಸೇರಿದಳು. ತಿಂಗಳಿಗೆ ಸಂಬಳ, ಕೂರಲು ಕುರ್ಚಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಕಾಲಮುಂದ ಹುಟ್ಟುವವರ ವಂಶವನ್ನು ಮಾತ್ರ ನಿಲ್ಲಿಸಿದ್ದು ಬೇರೆಯೇ. 2000ದ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 26 ದೇಶಗಳ 2,088 ಬಸುರಿಯರು, ಎಲ್ಲರ ಹೊಟ್ಟೆಯಲ್ಲೂ ಕೂತ ಕೂಸು. ಸಹಜ ಹೆರಿಗೆ ಮಾಡಿಸೋಣ ಎಂದುಕೊಂಡ ಗುಂಪಿನಲ್ಲಿ ನೂರಕ್ಕೆ 5 ಕೂಸುಗಳು ಸತ್ತವು ಇಲ್ಲವೇ ತೀವ್ರ ತೊಂದರೆಗೆ ಸಿಕ್ಕವು. ಮೊದಲೇ ಗೊತ್ತುಮಾಡಿ ಆಪರೇಷನ್ ಮಾಡುವ ಗುಂಪಿನಲ್ಲಿ 1.6. ಆ ಲೆಕ್ಕದ ಬಗ್ಗೆ ವೈದ್ಯರೊಳಗೆ ಆಮೇಲೆ ವಾದ ನಡೆಯಿತು. ಆದರೆ ಊರೂರಿನ ಆಸ್ಪತ್ರೆಗಳು ಕತ್ತರಿ ಹಿಡಿದಾಗಿತ್ತು, ಕೈ ಮಡಚಿ ಕಾಯುವುದನ್ನು ಕಲಿಸುವವರೂ ಕಡಿಮೆಯಾದರು. ಇವತ್ತು ಉಲ್ಟಾ ಕೂಸು ಅಂದರೆ ಬಹುತೇಕ ಆಪರೇಷನ್ನೇ. ನಮ್ಮಂಥವರು ಈಗ ಹುಟ್ಟುವುದು ಅಪರೂಪ. ಭಾಲ್ಕಿಯಲ್ಲಿ ನನಗೆ ಗೊತ್ತಿದ್ದ ಇನ್ನೊಬ್ಬ ಪಾಯಾಳೂ, ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದವನು, ತೀರಿಕೊಂಡು ಹತ್ತು ವರ್ಷವಾಯಿತು. ನನಗೇ ಟೊಂಕ ಹಿಡಿದರೆ ತುಳಿಯಲು ಯಾರೂ ಇಲ್ಲ.

ಮಗಳ ಕತೆಗೆ ಬರುತ್ತೇನೆ. ಡಾಕ್ಟರಬಾಯಿ ಬಹಳ ಸಮಾಧಾನದ ಹೆಂಗಸು. ಏಳನೇ ತಿಂಗಳ ಹೊತ್ತಿಗೆ ನಾಲ್ಕೈದರಲ್ಲಿ ಒಂದು ಕೂಸು ಹೀಗೇ ಕೂತಿರುತ್ತದೆ, ದಿನ ತುಂಬುವಾಗ ಹಾಗೆ ಉಳಿಯುವುದು ನೂರಕ್ಕೆ ಮೂರೋ ನಾಲ್ಕೋ ಎಂದು ಬೆರಳೆಣಿಸಿ ಹೇಳಿದರು. “ಇನ್ನಾ ಟೈಮ್ ಅದ, ತಿರಗತದರಿ.” 37ನೇ ವಾರದ ಹೊತ್ತಿಗೆ ಆಸ್ಪತ್ರೆಯಲ್ಲೇ ಎದೆಬಡಿತ ನೋಡುತ್ತಾ ಹೊರಗಿನಿಂದ ಕೈಯಲ್ಲಿ ಒತ್ತಿ ತಿರುಗಿಸುವ ಪದ್ಧತಿ ಇದೆ, ಅದು ಸುಮಾರು ಅರ್ಧದಷ್ಟು ಜನರಿಗೆ ಫಲಿಸುತ್ತದೆ ಎಂದೂ ಹೇಳಿದರು. ಮಗಳಿಗೆ ನೀರು ಕಡಿಮೆ ಇತ್ತು, ಅದು ಬೇಡವೆಂದಾಯಿತು.

ಆ ಐದು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಅವ್ವನೂ ಹೀಗೇ ಕಾದಿದ್ದಳು, ದಾಯಿಯ ಒಂದು ಮಾತಿನ ಮೇಲೆ. ಆದರೆ ಆ ಮಾತಿನ ಜೊತೆ ಹೇಳಿದವಳ ಕೈಯೂ ಓಣಿಯಲ್ಲೇ ಇತ್ತು, ಕರೆದರೆ ಬರುತ್ತಿತ್ತು. ನಮ್ಮ ಬಳಿ ಇದ್ದದ್ದು ಲಕೋಟೆ. ಹೆಂಡತಿ ದಿನಕ್ಕೆರಡು ಸಲ ಅದನ್ನು ತೆಗೆದು, ಓದಲು ಬಾರದ ಆ ಕಪ್ಪುಬಿಳುಪು ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ದಾಯಿಯಾಗಿದ್ದರೆ ಗಂಡೋ ಹೆಣ್ಣೋ ಎಂದು ಕೂಡ ಹೇಳಿಬಿಡುತ್ತಿದ್ದಳು, ಎರಡಕ್ಕೊಂದು ಸಲ ತಪ್ಪು. 1994ರ ಕಾಯಿದೆಯ ದೆಸೆಯಿಂದ ಸ್ಕ್ಯಾನಿಂಗಿನವರು ಆ ಬಗ್ಗೆ ಬಾಯಿ ಬಿಡುವಂತಿಲ್ಲ. ಒಳ್ಳೆಯದೇ ಆಯಿತು.

ಗೊತ್ತುಮಾಡಿದ ದಿನ, ಸೋಮವಾರ ಬೆಳಿಗ್ಗೆ, ಮೊಮ್ಮಗಳು ಹುಟ್ಟಿದಳು. ಅರ್ಧ ಗಂಟೆಯ ಕೆಲಸ. ಡಾಕ್ಟರಬಾಯಿ ಹೊರಗೆ ಬಂದಾಗ ಎಲ್ಲರೂ ತೂಕ ಕೇಳಿದರು. ನಾನು, ಮೊದಲು ಯಾವುದು ಬಂತು ಎಂದು ಕೇಳಿದೆ. ಅವರು ನಕ್ಕು, “ಕಾಲೇ ಹಿಡಿದು ತಗದೀವಿ ಸರ್,” ಅಂದರು.

ಎರಡು ತಿಂಗಳಾದ ಮೇಲೆ ಎದುರುಮನೆಯ ಮುದುಕಿ ಬಂದಳು. ಕೈಯಲ್ಲಿ ಔಷಧಿ ಅಂಗಡಿಯ ಮುಲಾಮಿನ ಟ್ಯೂಬು.

“ಕೂಸು ಕಾಲಮುಂದ ಬಂದದಂತಲ್ರಿ ಮಾಸ್ತರ?”

“ಹೊಟ್ಟಿ ಕೊಯ್ದು ತಗದಾರವ್ವ. ಅದು ಲೆಕ್ಕಕ್ಕ ಬರಲ್ಲ.”

“ಬಾಗಲಾ ಯಾವ್ದಿದ್ರ ಏನ್ರಿ? ಕಾಲು ಮೊದಲ ಬಂತಿಲ್ಲೋ?”

ಉತ್ತರಕ್ಕೆ ಕಾಯದೆ ಪಡಸಾಲೆಯಲ್ಲಿ ಬೋರಲು ಮಲಗಿದಳು. ಮಗಳು ನನ್ನ ಮುಖ ನೋಡಿದಳು. ನಾನು ಕೂಸನ್ನು ಎತ್ತಿಕೊಂಡು ಬಗ್ಗಿದೆ. ಎಡಗಾಲು, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಮೂರು ಸಲ. ಮುದುಕಿ ಗೋಡೆ ಹಿಡಿದು ಎದ್ದು, ಹಿಂತಿರುಗಿ ನೋಡದೆ ಹೋದಳು. ಗುರುವಾರ ಶೇಂಗಾ ಬಂತು.