ಎಡೆದೊರೆ ನಾಡಿನ ಮುಗಿಲಿಗೆ ಸೇರಿದ ಹೊಗೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಭೂಭಾಗವನ್ನು ನಮ್ಮ ಹಳೆಯ ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದಿವೆ. ದೇವದುರ್ಗ, ಮಾನ್ವಿ, ರಾಯಚೂರುಗಳನ್ನು ಒಳಗೊಂಡ ಈ ನೆಲಕ್ಕಾಗಿ ಅರಸರು ಶತಮಾನಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದು ಇಲ್ಲಿಯೇ. ಆದರೆ ಎರಡು ನದಿಗಳ ಮಡಿಲಲ್ಲಿದ್ದೂ ಇದು ಬಾಯಾರಿದ ನಾಡು. ಘಟ್ಟದಾಚೆಗೇ ಮಳೆ ಸುರಿಸಿ ಹಗುರಾದ ಮೋಡಗಳು ಮಾತ್ರ ಇಲ್ಲಿಗೆ ಬರುತ್ತವೆ. 1876ರಲ್ಲಿ, ಧಾತು ಸಂವತ್ಸರದಲ್ಲಿ, ತೊಡಗಿದ ಬರವು ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜೀವಗಳನ್ನು ಬಲಿ ತೆಗೆದುಕೊಂಡಿತು. ಅಂದಿನ ಜನರಿಗೆ ಮುಗಿಲೆಂಬುದು ಮನುಷ್ಯನ ಕೈಗೆ ಎಟುಕದ ಸಂಗತಿಯಾಗಿತ್ತು.

ಅದು ನಮ್ಮ ಕೈಗೆ ಎಟುಕಿತೆಂದು ಲೆಕ್ಕ ಹಾಕಿ ತೋರಿಸಿದವರಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ಮೊದಲಿಗರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾಗುವುದೆಂದು ಅವರು 1896ರಲ್ಲಿ ಗಣಿಸಿದರು. ಅದರಿಂದ ಚಳಿಯ ದೇಶಗಳಿಗೆ ಹಿತವೇ ಆದೀತೆಂಬ ಭರವಸೆಯೂ ಅವರಿಗಿತ್ತು. ಅವರು ಒಂದು ಮೇ ತಿಂಗಳನ್ನು ರಾಯಚೂರಿನಲ್ಲಿ ಕಳೆದಿದ್ದರೆ ಹಾಗೆ ಬರೆಯುತ್ತಿರಲಿಲ್ಲವೇನೋ!

1985ರಲ್ಲಿ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಜ್ಯದ ಮೊದಲ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮೊದಲ ಘಟಕ ಉರಿಯತೊಡಗಿತು. ಮುಂದೆ ಘಟಕಗಳು ಎಂಟಾದವು. ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಕತ್ತಲಲ್ಲಿದ್ದ ಮನೆಗಳಿಗೆ, ಬೆಂಗಳೂರಿನ ಕಾರ್ಖಾನೆಗಳಿಗೆ ಇಲ್ಲಿಂದ ಬೆಳಕು ಹರಿಯಿತು. ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಎಲ್ಲ ಘಟಕಗಳೂ ಪೂರ್ಣವಾಗಿ ನಡೆದರೆ ದಿನಕ್ಕೆ ಸುಮಾರು 25 ಸಾವಿರ ಟನ್ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಭಾಗದಷ್ಟು ಬೂದಿಯೇ ಇರುತ್ತದೆ. ಬೂದಿ ಕಣ್ಣಿಗೆ ಕಾಣುತ್ತದೆ, ಬಟ್ಟೆಯ ಮೇಲೆ ಕೂರುತ್ತದೆ, ಕೆಮ್ಮು ತರಿಸುತ್ತದೆ. ಆದುದರಿಂದ ಅದರ ವಿರುದ್ಧ ದನಿಯೇಳುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಕೊಂದಾಗ, ನಾಲ್ಕೇ ವರ್ಷಗಳಲ್ಲಿ ಅಲ್ಲಿ ಶುದ್ಧ ಗಾಳಿಯ ಕಾನೂನು ಬಂದಿತು. ಕಾಣದ ಅನಿಲಕ್ಕೆ ಅಂತಹ ಗಡಿಬಿಡಿ ಎಂದೂ ಆಗಲಿಲ್ಲ. ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಈ ಅನಿಲವಿತ್ತು. ಇಂದು ಅದು 420ನ್ನು ದಾಟಿದೆ.

ಶಕ್ತಿನಗರವೊಂದೇ ಅಪರಾಧಿಯಲ್ಲ. ಲೋಕದ ಸಾವಿರಾರು ಚಿಮಣಿಗಳಲ್ಲಿ ಅದರದೂ ಒಂದು ಪಾಲು, ಅಷ್ಟೆ. ಯೂರೋಪ್, ಅಮೆರಿಕಗಳ ಪಾಲು ಬಹು ಹಿಂದಿನದು, ಬಹು ದೊಡ್ಡದು.

ಮುಂದೇನು? 2009ನ್ನು ನೆನೆಯಬೇಕು. ಆ ವರ್ಷ ಮುಂಗಾರು ಕೈಕೊಟ್ಟು ದೇಶವೇ ಬರಗಾಲದಲ್ಲಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಕೆಲವೇ ದಿನಗಳ ಮಳೆಗೆ ಉತ್ತರ ಕರ್ನಾಟಕ ಮುಳುಗಿತು. ತುಂಗಭದ್ರೆ ಮಂತ್ರಾಲಯದೊಳಗೆ ನುಗ್ಗಿದಳು. ಆ ಒಂದು ಮಳೆಯನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ಆತುರದ ಮಾತಾದೀತು. ಆದರೆ ಪ್ರತಿ ಡಿಗ್ರಿ ಬಿಸಿಗೆ ಗಾಳಿಯು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು; ಬಿಡುವಾಗ ಒಮ್ಮೆಗೇ ಬಿಡುತ್ತದೆ. ಬರ ಮತ್ತು ನೆರೆ ಒಂದೇ ವರ್ಷ ಒಂದೇ ಹೊಲಕ್ಕೆ ಬರುವುದು ಇನ್ನು ಅಪರೂಪವಾಗಿ ಉಳಿಯಲಾರದು.

ಮಾನ್ವಿಯ ಕಾಲುವೆಯ ಕೆಳಗಿನ ಭತ್ತವನ್ನೇ ನೋಡಿ. ಹೂ ಬಿಡುವ ಹೊತ್ತಿನಲ್ಲಿ ಬಿಸಿಲು 35 ಡಿಗ್ರಿ ಮೀರಿದರೆ ತೆನೆ ಜೊಳ್ಳಾಗತೊಡಗುತ್ತದೆ; ನೀರಿದ್ದರೂ ಕಾಳು ಕಟ್ಟದು. ದೇವದುರ್ಗದ ಕೂಲಿಯ ಮಾತಂತೂ ಇನ್ನೂ ಕಠಿಣ. ಮಳೆ ಕೈಕೊಟ್ಟಾಗ ಬೆಂಗಳೂರಿಗೆ ಗುಳೆ ಹೋಗುವ ಆತ ಅಲ್ಲಿಯೂ ಬಯಲಲ್ಲೇ ದುಡಿಯಬೇಕು. ಬಿಸಿಯಿಂದ ದಣಿದ ದೇಹಕ್ಕೆ ರಾತ್ರಿಯ ತಂಪು ಬೇಕು. ಮಾಳಿಗೆಯ ಮೇಲೆ ಮಲಗಿದರೂ ಅದು ಸಿಗದಂತಾದರೆ ಹೃದಯ, ಮೂತ್ರಪಿಂಡಗಳು ಸೋಲುತ್ತವೆ.

2024ರಲ್ಲಿ ಭೂಮಿಯ ಸರಾಸರಿ ತಾಪ, ಕೈಗಾರಿಕೆಗಳ ಪೂರ್ವದ ಮಟ್ಟಕ್ಕಿಂತ ಒಂದೂವರೆ ಡಿಗ್ರಿಯನ್ನು ಮೊದಲ ಬಾರಿಗೆ ಮೀರಿತು. ಗಂಧಕದ ಹೊಗೆಯನ್ನು ತಡೆಯುವ ನಿಯಮವನ್ನು ಕೇಂದ್ರ ಸರ್ಕಾರವು 2015ರಲ್ಲಿ ಮಾಡಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿ, 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ಅದರ ಯಂತ್ರ ಅಳವಡಿಸುವುದರಿಂದ ವಿನಾಯಿತಿ ನೀಡಿತು. ಕಣ್ಣುರಿಸುವ ಹೊಗೆಯ ಗತಿಯೇ ಹೀಗಾದರೆ ಕಾಣದ ಹೊಗೆಯ ಗತಿ ಏನು? ಬೂದಿ ಇಟ್ಟಿಗೆಯಾಗುತ್ತದೆ, ಸಿಮೆಂಟಾಗುತ್ತದೆ. 1985ರಲ್ಲಿ ಶಕ್ತಿನಗರದ ಮೊದಲ ಘಟಕ ಉಗುಳಿದ ಅನಿಲದ ದೊಡ್ಡ ಪಾಲು ಮಾತ್ರ ಇಂದಿಗೂ ಮುಗಿಲಿನಲ್ಲಿದೆ.