ಅರ್ಧ ಪಾವಿನ ಲೆಕ್ಕ



ಇತಿಹಾಸವೆಂದರೆ ರಾಜರ ಕಾಳಗ ಮತ್ತು ಇಸವಿಗಳ ಪಟ್ಟಿ ಎಂದು ತರಗತಿಯಲ್ಲಿ ಗೊಣಗುತ್ತಿದ್ದವರಿಗೆ ಈ ಬರಹ ತುಸು ಸಮಾಧಾನ ತರಬಹುದು. ಇದು ಅಡುಗೆಮನೆಯ ಒಂದು ಅಳತೆಯಿಂದ ಹೊರಟು ಗಣಕಯಂತ್ರದೊಳಗಿನ ಕನ್ನಡ ಅಕ್ಷರದವರೆಗೆ ಸಾಗುವ ಇತಿಹಾಸ. ಇದಕ್ಕೆ ಕಾರಣನಾದವನು ನನ್ನ ಅಕ್ಕನ ಮಗ.

2020ರ ಜುಲೈ ತಿಂಗಳ ಒಂದು ಸಂಜೆ. ಕೊರೋನಾದ ದೆಸೆಯಿಂದ ಬೆಂಗಳೂರಿನ ಕಛೇರಿಗಳೆಲ್ಲ ಮನೆ ಸೇರಿದ್ದ ಕಾಲ. ತಂತ್ರಾಂಶ ಕಂಪನಿಯೊಂದರಲ್ಲಿ ಕೆಲಸ ಮಾಡುವ ಈ ಹುಡುಗ ತಾಯಿಯೊಂದಿಗೆ ಸೊರಬದ ನಮ್ಮ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಹಗಲೆಲ್ಲ ಜಗಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಛೇರಿಯ ಕೆಲಸ, ಸಂಜೆಯಾದೊಡನೆ ಅಡುಗೆಮನೆ. ಅಡುಗೆ ಮಾಡುವುದು ಅವನಿಗೆ ಬೆಂಗಳೂರಿನ ಒಂಟಿ ವಾಸ ಕಲಿಸಿದ ವಿದ್ಯೆ. ಅಂದು ಒಳಗಿನಿಂದ ಕೂಗಿ ಕೇಳಿದ:

“ಮಾವ, ಅಧರ್ ಪಾವು ಅಂದ್ರೆ ಎಷ್ಟು?”

ನನಗೆ ಅರ್ಥವಾಗಲಿಲ್ಲ. ಎದ್ದು ಹೋಗಿ ನೋಡಿದೆ. ಅವನ ಲ್ಯಾಪ್‌ಟಾಪಿನ ಪರದೆಯ ಮೇಲೆ ನನ್ನ ಅಮ್ಮನ ಪತ್ರೊಡೆ ಇತ್ತು.

ಇದರ ಹಿನ್ನೆಲೆಯನ್ನು ಹೇಳಬೇಕು. 2003ರ ಬೇಸಿಗೆ ರಜೆಯಲ್ಲಿ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಅವಳ ಅಡುಗೆಗಳನ್ನು ಹೇಳಿಸಿ, ಹೊಸದಾಗಿ ಕೊಂಡಿದ್ದ ಗಣಕಯಂತ್ರದಲ್ಲಿ ಎರಡೇ ಬೆರಳಿನಿಂದ ಟೈಪು ಮಾಡಿದ್ದೆ. ಅಪ್ಪೆಹುಳಿ, ಒಂದೆಲಗದ ತಂಬುಳಿ, ಕಳಲೆ ಪಲ್ಯ, ಮಿಡಿ ಉಪ್ಪಿನಕಾಯಿ, ತೊಡದೇವು, ಪತ್ರೊಡೆ ಹೀಗೆ ಅರವತ್ತಕ್ಕೂ ಹೆಚ್ಚು. ಅಮ್ಮ 2011ರಲ್ಲಿ ತೀರಿಕೊಂಡಳು. ಮೂರು ವರ್ಷಗಳ ಬಳಿಕ ಆ ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗ ಒಂದು ಕನ್ನಡ ಅಕ್ಷರವೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಕೊಂಬು ಬಾಲಗಳ ಗುರುತುಗಳು ಪುಟದಿಂದ ಪುಟಕ್ಕೆ ಹರಿದಿದ್ದವು. ಅಮ್ಮನನ್ನು ಎರಡನೆಯ ಬಾರಿ ಕಳೆದುಕೊಂಡಂತಾಯಿತು. ಯಾರಿಗೂ ಹೇಳದೆ ಮುಚ್ಚಿಟ್ಟಿದ್ದೆ. ಆರು ವರ್ಷಗಳ ಮೇಲೆ ಅಕ್ಕನ ಮಗ ಅದನ್ನು ಹುಡುಕಿ ತೆಗೆದು ಓದತೊಡಗಿದ್ದ.

ಅನ್ನ ಮತ್ತು ಅಕ್ಷರಗಳೆರಡನ್ನೂ ಒಟ್ಟಿಗೆ ನೆನೆಯುವುದು ನಮ್ಮ ಸೀಮೆಗೆ ಹೊಸತಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ನಿಮ್ಮಲ್ಲಿ ಅನೇಕರನ್ನು ಶಾಲಾ ಪ್ರವಾಸದಲ್ಲಿ ಕರೆದೊಯ್ದಿದ್ದೇನೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ವ್ಯಾಕರಣ, ವೇದ, ದರ್ಶನಗಳನ್ನು ಕಲಿಸುವ ಸ್ಥಾನವದು ಎನ್ನುವ ಶಾಸನವೇ, ದೀನರಿಗೆ, ಅನಾಥರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ನೀಡುವ ಸ್ಥಾನವೂ ಅದೇ ಎನ್ನುತ್ತದೆ.

ಅಡುಗೆಯನ್ನು ಅಕ್ಷರಕ್ಕೆ ಇಳಿಸುವ ಕೆಲಸವೂ ಕನ್ನಡದಲ್ಲಿ ಬಹು ಹಿಂದಿನದು. ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಬೇಸಾಯ, ಅಂತರ್ಜಲ ಶೋಧನೆಗಳ ಜೊತೆಗೆ ಅಡುಗೆಗೂ ಒಂದು ಅಧ್ಯಾಯವಿದೆ. 1508ರ ಸುಮಾರಿಗೆ ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಕೃತಿಯನ್ನೇ ಬರೆದ. ಬದನೆಕಾಯಿಗೂ ಕಳಲೆಗೂ ಅಲ್ಲಿ ಸ್ಥಾನವುಂಟು. ನಮ್ಮ ನೆರೆಯ ಕೆಳದಿಯ ಅರಸ, ಚೆನ್ನಮ್ಮನ ದತ್ತುಪುತ್ರ ಬಸವಪ್ಪ ನಾಯಕ 1709ರಲ್ಲಿ ಸಂಸ್ಕೃತದಲ್ಲಿ ಪೂರೈಸಿದ ‘ಶಿವತತ್ತ್ವ ರತ್ನಾಕರ’ವೆಂಬ ವಿಶ್ವಕೋಶದಲ್ಲಿಯೂ ಪಾಕಶಾಸ್ತ್ರದ ವಿಚಾರವಿದೆ. ಆದರೆ ಈ ಮೂವರೂ ಪಂಡಿತರು, ಅಧಿಕಾರದ ಆಸುಪಾಸಿನಲ್ಲಿದ್ದವರು. ಒಲೆಯ ಮುಂದೆ ಕುಳಿತು ಬೇಯಿಸಿದ ಹೆಂಗಸು ತಾನೇ ಏನು ಹೇಳಿಯಾಳು ಎಂಬುದು ನಮಗೆ ಈ ಗ್ರಂಥಗಳಿಂದ ತಿಳಿಯದು. ಅವಳ ವಿದ್ಯೆ ಕೈಯಿಂದ ಕೈಗೆ, ಅತ್ತೆಯಿಂದ ಸೊಸೆಗೆ ಸಾಗಿತು.

ಹಾಗೆ ಸಾಗುವಾಗ ಅಳತೆಯೂ ಆಯಾ ಮನೆಯದೇ ಆಗಿತ್ತು. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು, ಇಪ್ಪತ್ತು ಕೊಳಗ ಒಂದು ಖಂಡುಗ ಎಂದು ನಮ್ಮ ಹಿರಿಯರು ಬಾಯಿಪಾಠ ಮಾಡಿದರು. ಆದರೆ ಈ ಊರಿನ ಕೊಳಗ ಆ ಊರಿನ ಕೊಳಗವಲ್ಲ. ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿ ನೇಮಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬನವಾಸಿಯಿಂದ ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳ ಮಾರ್ಗವಾಗಿ ಸಾಗಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಊರೂರಿನ ಅಳತೆಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿದ್ದಾನೆ. ಹಾಗೆ ಮಾಡದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಈ ಗೊಂದಲಕ್ಕೆ ತೆರೆ ಎಳೆದುದು ಸ್ವತಂತ್ರ ಭಾರತದ 1956ರ ತೂಕ ಮತ್ತು ಅಳತೆಗಳ ಕಾಯ್ದೆ. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋಗ್ರಾಮು, ಲೀಟರುಗಳು ಜಾರಿಗೆ ಬಂದವು. ಅಂಗಡಿ ಬದಲಾಯಿತು, ಅಡುಗೆಮನೆ ಬದಲಾಗಲಿಲ್ಲ. ನನ್ನ ಅಮ್ಮ ಕೊನೆಯವರೆಗೂ ಹಿತ್ತಾಳೆಯ ಪಾವಿನಲ್ಲಿಯೇ ಅಕ್ಕಿ ಅಳೆದಳು.

ಈಗ ಗಣಕಯಂತ್ರದ ಕಡೆಗೆ ಹೋಗೋಣ. ಯಂತ್ರಕ್ಕೆ ಅಕ್ಷರ ತಿಳಿಯದು, ಅಂಕೆ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಅಂಕೆ ಗೊತ್ತು ಮಾಡಬೇಕು. ಆರಂಭದ ಕನ್ನಡ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಅಂಕೆಗಳ ಜಾಗದಲ್ಲಿಯೇ ಕನ್ನಡದ ಚೂರುಗಳನ್ನು, ಎಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸುತ್ತಿದ್ದರು. ಯಾವ ಚೂರು ಎಲ್ಲಿ ಎಂಬುದು ಫಾಂಟಿನಿಂದ ಫಾಂಟಿಗೆ ಬೇರೆಯಾಗಬಹುದಿತ್ತು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಓದಲಾಗದು. ಥೇಟ್ ಊರಿಗೊಂದು ಕೊಳಗ!

ಆದರೆ ಆ ದಿನಗಳಲ್ಲಿ ದುಡಿದವರನ್ನು ಹಗುರವಾಗಿ ಕಾಣಬಾರದು. ದಕ್ಷಿಣ ಕನ್ನಡದ ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವವರು, ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡವೆಲ್ಲವೂ ಮೂಡುವಂತಹ ವಿನ್ಯಾಸವನ್ನು ರೂಪಿಸಿದರು. ಕರ್ನಾಟಕ ಸರ್ಕಾರವು ಅದನ್ನೇ ಆಧರಿಸಿ ಕೀಲಿಮಣೆಯ ಶಿಷ್ಟತೆಯನ್ನು ನಿಗದಿ ಮಾಡಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದು ಉಚಿತವಾಗಿ ಹಂಚಿದರು. ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ‘ನುಡಿ’ಯನ್ನು ನೀಡಿತು. ಇವರೆಲ್ಲ ಇಲ್ಲದಿದ್ದರೆ ನನ್ನಂಥ ಮೇಷ್ಟರು ಕನ್ನಡದಲ್ಲಿ ಒಂದು ಸಾಲನ್ನೂ ಟೈಪು ಮಾಡುತ್ತಿರಲಿಲ್ಲ.

ಅಕ್ಷರಲೋಕದ ಮೆಟ್ರಿಕ್ ಪದ್ಧತಿಯಾಗಿ ಬಂದುದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾಯ್ದಿರಿಸಲಾಗಿತ್ತು. ‘ಕ’ ಅಕ್ಷರದ ಅಂಕೆ 3221. ಸೊರಬದಲ್ಲಾಗಲಿ ಅಮೆರಿಕದಲ್ಲಾಗಲಿ ಅದು 3221 ಮಾತ್ರ. ನಮ್ಮ ಮನೆಗಳ ಯಂತ್ರಗಳಿಗೆ ಅದು ಬಂದು ತಲುಪುವುದು ತಡವಾಯಿತು. ನಾನು 2003ರಲ್ಲಿ ಟೈಪು ಮಾಡಿದುದು ಹಳೆಯ ಬಗೆಯ ಒಂದು ಫಾಂಟಿನಲ್ಲಿ. ಫಾಂಟು ಹೋಯಿತು, ಅದರೊಡನೆ ಅಮ್ಮನ ಅಡುಗೆಯೂ ಹೋಯಿತು.

ಅಕ್ಕನ ಮಗನ ಕಛೇರಿಯ ಕೆಲಸವೂ ಇಂಥದೇ ಎಂದು ಅಂದು ತಿಳಿಯಿತು. ಯಾವುದೋ ಸಂಸ್ಥೆಯ ಇಪ್ಪತ್ತು ವರ್ಷಗಳ ಲೆಕ್ಕಪತ್ರಗಳನ್ನು ಹಳೆಯ ವ್ಯವಸ್ಥೆಯಿಂದ ಹೊಸತಕ್ಕೆ ಒಂದು ಪೈಸೆಯೂ ತಪ್ಪದಂತೆ ಸಾಗಿಸುವುದು. “ಇಲ್ಲಿಯ ಪದಾರ್ಥ ಅಲ್ಲಿಯ ಪಾತ್ರೆಗೆ ಹಾಕೋದು ಮಾವ, ಚೆಲ್ಲಬಾರದು ಅಷ್ಟೆ” ಎಂದ. ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಅನೇಕ ಕನ್ನಡಿಗರು ಉಚಿತವಾಗಿ ಮಾಡಿಕೊಟ್ಟಿದ್ದಾರೆ. ನಾನು ಬಳಸಿದ್ದ ಫಾಂಟು ಅವನು ಪ್ರಯತ್ನಿಸಿದ ಯಾವುದಕ್ಕೂ ಒಗ್ಗಲಿಲ್ಲವಾದುದರಿಂದ ತಾನೇ ಒಂದನ್ನು ಬರೆದಿದ್ದ. ಹಳೆಯ ಗುರುತು ಒಂದೊಂದಕ್ಕೂ ಯೂನಿಕೋಡಿನ ಅಕ್ಷರವನ್ನು ಹೊಂದಿಸಿದ ಪಟ್ಟಿ. ಎಲ್ಲವೂ ಸರಿಯಾಗಿತ್ತು, ‘ಅಧರ್’ ಒಂದರ ಹೊರತು.

ಅದು ‘ಅರ್ಧ’. ನಾವು ಕೈಯಲ್ಲಿ ಬರೆಯುವಾಗ ‘ಧ’ ಬರೆದ ಮೇಲೆ ಅದರ ಬಲಕ್ಕೆ ಅರ್ಕಾವೊತ್ತನ್ನು ಹಾಕುತ್ತೇವೆ. ಹಳೆಯ ಫಾಂಟು ಈ ಬರವಣಿಗೆಯ ಕ್ರಮವನ್ನೇ ಹಿಡಿದಿತ್ತು. ಯೂನಿಕೋಡ್ ಹಿಡಿಯುವುದು ಉಚ್ಚಾರಣೆಯ ಕ್ರಮವನ್ನು: ಮೊದಲು ‘ರ್’, ಅನಂತರ ‘ಧ’. ಇದ್ದಲ್ಲಿಯೇ ಬದಲಿಸಿದರೆ ‘ಅರ್ಧ’ ‘ಅಧರ್’ ಆಗುತ್ತದೆ, ‘ಸೂರ್ಯ’ ‘ಸೂಯರ್’ ಆಗುತ್ತಾನೆ. ಎಷ್ಟೋ ಕಡೆ ನೀವು ಕಂಡಿರುವ ‘ಕನಾರ್ಟಕ’ವೂ ಇದೇ ಬಗೆಯ ಅಪಘಾತದ ಫಲ. ಅರ್ಕಾವೊತ್ತನ್ನು ಎಲ್ಲೆಂದರಲ್ಲಿ ಹಾಕಿದ್ದಕ್ಕೆ ಇತಿಹಾಸದ ಉತ್ತರಪತ್ರಿಕೆಯಲ್ಲಿಯೂ ಅಂಕ ಕಳೆಯುತ್ತಿದ್ದ ಮೇಷ್ಟರ ಮನೆಯಲ್ಲಿಯೇ ಹೀಗಾಗಬೇಕೆ! ನಾನು ಕಾಗದದ ಮೇಲೆ ಬರೆದು ತೋರಿಸಿದೆ. ಅರ್ಕಾವೊತ್ತು ಕಂಡಲ್ಲಿ ಅದನ್ನು ಹಿಂದಿನ ಇಡೀ ಅಕ್ಷರದ ಮೊದಲಿಗೆ ಒಯ್ಯಬೇಕೆಂಬ ನಿಯಮವನ್ನು ಅವನು ಸೇರಿಸಿದ. ಅರೆಗಳಿಗೆಯಲ್ಲಿ ಅಮ್ಮನ ಅರ್ಧ ಪಾವುಗಳೆಲ್ಲ ಅರ್ಧ ಪಾವುಗಳೇ ಆದವು.

ಇನ್ನು ಅಳತೆ. ಅಟ್ಟದಿಂದ ಹಿತ್ತಾಳೆಯ ಪಾವನ್ನು ಇಳಿಸಿ ನೀರು ತುಂಬಿ ಅಳೆದರೆ ಕಾಲು ಲೀಟರಿಗೆ ತುಸು ಕಡಿಮೆ. ಆಗ ಅಕ್ಕ ನಕ್ಕಳು. “ಅಮ್ಮ ಬೇಳೆನಾದ್ರೆ ಅಂಚಿಗೆ ಸರಿಯಾಗಿ ಸವರಿ ಅಳೀತಿದ್ಲು. ಅಕ್ಕಿನಾದ್ರೆ ಮೇಲೆ ಗುಪ್ಪೆ ನಿಲ್ಲೋ ಹಾಗೆ.” ಇದು ನನ್ನ ಕಡತದಲ್ಲಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಮರುದಿನ ಪತ್ರೊಡೆಯಾಯಿತು. ಮಳೆಗಾಲದ ಎಳೆಯ ಕೆಸುವಿನ ಎಲೆ, ಅಳತೆಯಂತೆ ಅಕ್ಕಿ, ಬೇಳೆ. ಹಬೆಯಲ್ಲಿ ಬೆಂದು ಎಲೆಗೆ ಬಿತ್ತು. ಎರಡು ತುತ್ತು ತಿನ್ನುವಷ್ಟರಲ್ಲಿ ಎಲ್ಲರ ಗಂಟಲೂ ಕೆರೆಯತೊಡಗಿತು. ಕೆಸುವಿಗೆ ಹುಳಿ ಕಡಿಮೆಯಾದರೆ ಆಗುವುದೇ ಹಾಗೆ. ಕಡತದಲ್ಲಿ ಏನಿದೆ ಎಂದು ನೋಡಿದೆವು. ‘ಸಾಕಷ್ಟು ಹುಳಿ ಸೇರಿಸಿ’ ಎಂದಿತ್ತು.

ಅದು ಅಮ್ಮನ ಮಾತಲ್ಲ, ನನ್ನದು. ಅಮ್ಮ ಎಂದೂ ‘ಸಾಕಷ್ಟು’ ಎಂದವಳಲ್ಲ. ಅಕ್ಕನಿಗೆ ನೆನಪಿತ್ತು: “ಹಿಟ್ಟು ನಾಲಗೆಗೆ ಮುಟ್ಟಿಸಿದ್ರೆ ಹುಬ್ಬು ಗಂಟಿಕ್ಕಬೇಕು ಅಂತಿದ್ಲು.” ಆಡುಮಾತು ಬರಹಕ್ಕೆ ತಕ್ಕುದಲ್ಲವೆಂದು ಬಗೆದು ನಾನು ಅದನ್ನು ತಿದ್ದಿ ಗ್ರಾಂಥಿಕ ಮಾಡಿದ್ದೆ. ಕಡತವನ್ನು ಮೊದಲಿನಿಂದ ಓದಿದೆ. ‘ಸಾಕಷ್ಟು ಹುರಿದು’, ‘ಹದವಾಗಿ ಬೇಯಿಸಿ’, ‘ಅಗತ್ಯಕ್ಕೆ ತಕ್ಕಂತೆ’ ಎಂಬ ಮಾತುಗಳು ಪುಟಪುಟದಲ್ಲಿಯೂ ಇದ್ದವು. ಒಂದೊಂದರ ಕೆಳಗೂ ಅಮ್ಮ ಹೇಳಿದ ಒಂದು ನಿಖರವಾದ ಗುರುತು ಹೂತುಹೋಗಿದೆ. ಅಕ್ಕನಿಗೆ ನೆನಪಾದ ಹನ್ನೆರಡನ್ನು ಬರೆದುಕೊಂಡೆವು. ಉಳಿದವು ಹೋದವು.

ಫಾಂಟು ಮರೆಯಾದಾಗ ನಾನು ಯಂತ್ರವನ್ನು ಬೈದಿದ್ದೆ. ಯಂತ್ರ ಕಳೆದುದಕ್ಕೆ ಒಂದು ನಿಯಮವಿತ್ತು. ಆದುದರಿಂದಲೇ ಹದಿನೇಳು ವರ್ಷಗಳ ನಂತರವೂ ಒಬ್ಬ ಹುಡುಗ ಅದನ್ನು ಹಿಂದಕ್ಕೆ ತರಲು ಸಾಧ್ಯವಾಯಿತು. ಮೇಷ್ಟರ ಕೆಂಪು ಶಾಯಿ ಅಳಿಸಿದುದನ್ನು ಹಿಂದಕ್ಕೆ ತರುವ ಪರಿವರ್ತಕವಿಲ್ಲ. ಚಾವುಂಡರಾಯ, ಮಂಗರಸರ ಗ್ರಂಥಗಳಲ್ಲಿ ಒಲೆಯ ಮುಂದಿನ ಹೆಂಗಸಿನ ದನಿಯಿಲ್ಲವೆಂದು ಮೇಲೆ ಬರೆದೆನಷ್ಟೆ. ಆ ದನಿ ನನ್ನೆದುರಿಗೇ ಕುಳಿತಿದ್ದಾಗ ನಾನು ಮಾಡಿದುದೇನು?

ಆದುದರಿಂದ, ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಬಹಳಷ್ಟು ಮಂದಿ ಇಂದು ತಂತ್ರಾಂಶದ ಉದ್ಯೋಗದಲ್ಲಿದ್ದೀರಿ. ಮನೆಯಲ್ಲಿ ತಾಯಿ, ಅಜ್ಜಿಯರು ಇದ್ದರೆ ಈ ವಾರವೇ ಕುಳಿತು ಕೇಳಿ. ಯೂನಿಕೋಡಿನಲ್ಲಿ ಬರೆದಿಡಿ. ಪಾವನ್ನು ಗ್ರಾಮಿಗೆ ತನ್ನಿ, ಆದರೆ ಗುಪ್ಪೆಯೋ ಸವರಿದ್ದೋ ಎಂದು ಕೇಳುವುದನ್ನು ಮರೆಯಬೇಡಿ. ಅವರು ಹೇಳಿದ ಮಾತನ್ನು ಹೇಳಿದಂತೆಯೇ ಬರೆಯಿರಿ. ವ್ಯಾಕರಣ ತಪ್ಪಿದ್ದರೂ ಇರಲಿ, ಈ ಮೇಷ್ಟರು ಅಂಕ ಕಳೆಯುವುದಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಪತ್ರೊಡೆ ಮತ್ತೊಮ್ಮೆ ಆಯಿತು. ಅಕ್ಕನ ಮಗ ಹಿಟ್ಟನ್ನು ನಾಲಗೆಗೆ ಮುಟ್ಟಿಸಿ ಹುಬ್ಬು ಗಂಟಿಕ್ಕಿದ. ಈ ಬಾರಿ ಯಾರ ಗಂಟಲೂ ಕೆರೆಯಲಿಲ್ಲ.