ಮನೆ ಖರೀದಿಯಲ್ಲಿ ಮೌಲ್ಯಮಾಪಕರ ಆಯ್ಕೆ: ದಾವಣಗೆರೆ ಮತ್ತು ಹರಿಹರ

ಮೌಲ್ಯಮಾಪಕರು ನಿವೇಶನ ಮತ್ತು ಕಟ್ಟಡವನ್ನು ಸ್ಥಳದಲ್ಲೇ ನೋಡಿ, ದಾಖಲೆಗಳೊಂದಿಗೆ ತಾಳೆ ಹಾಕಿ, ಬೆಲೆಯನ್ನು ಲಿಖಿತ ವರದಿಯಲ್ಲಿ ತಿಳಿಸುವ ವೃತ್ತಿಪರರು. ಸಾಮಾನ್ಯವಾಗಿ ಸಿವಿಲ್ ಎಂಜಿನಿಯರುಗಳು ಅಥವಾ ವಾಸ್ತುಶಿಲ್ಪಿಗಳು ಈ ಕೆಲಸ ಮಾಡುತ್ತಾರೆ. ದಾವಣಗೆರೆ, ಹರಿಹರಗಳ ಮಾತಿನಲ್ಲಿ ಇವರು ‘ಬ್ಯಾಂಕ್ ಎಂಜಿನಿಯರ್’ ಅಥವಾ ‘ಪ್ಯಾನೆಲ್ ಎಂಜಿನಿಯರ್’, ಇವರು ಕೊಡುವ ವರದಿ ‘ವ್ಯಾಲ್ಯುಯೇಷನ್’. ಬೆಲೆ ಕಟ್ಟುವವರು ಬ್ಯಾಂಕಿನ ಕಡೆಯವರು ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ಶುಲ್ಕ ಕೊಡುವವರು ಸಾಲಗಾರರು, ಆರಿಸುವುದು ಬ್ಯಾಂಕು, ಅಂಕಿಗಾಗಿ ಕಾಯುವವರು ಮಾರುವವರು ಮತ್ತು ದಲ್ಲಾಳಿ. ಹೀಗಿರುವಾಗ ಆಯ್ಕೆ ಯಾರ ಕೈಯಲ್ಲಿರಬೇಕು ಎಂಬುದು ಈ ಲೇಖನದ ವಿಷಯ.

ಬೆಲೆಯ ಮೂರು ಮುಖಗಳು

ಒಂದೇ ಮನೆಗೆ ಮೂರು ಬೆಲೆಗಳಿರುತ್ತವೆ. ಮೊದಲನೆಯದು ಕೊಳ್ಳುವವರೂ ಮಾರುವವರೂ ಒಪ್ಪಿ ಅಗ್ರಿಮೆಂಟ್ ಮಾಡಿಕೊಂಡ ಬೆಲೆ. ಎರಡನೆಯದು ಸರ್ಕಾರದ ಮಾರ್ಗಸೂಚಿ ಬೆಲೆ. ಜನರ ಮಾತಿನಲ್ಲಿ ಇದು ‘ಎಸ್‌ಆರ್ ವ್ಯಾಲ್ಯೂ’. ಮೂರನೆಯದು ಬ್ಯಾಂಕಿನ ಮೌಲ್ಯಮಾಪಕರು ಬರೆದುಕೊಟ್ಟ ಬೆಲೆ.

ಮಾರ್ಗಸೂಚಿ ಬೆಲೆ ಯಾವೊಂದು ಮನೆಯ ಮೌಲ್ಯಮಾಪನವೂ ಅಲ್ಲ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಸೆಕ್ಷನ್ ಅಡಿಯ ಕೇಂದ್ರ ಮೌಲ್ಯಮಾಪನ ಸಮಿತಿ, ಸ್ಥಳೀಯ ಉಪಸಮಿತಿಗಳ ನೆರವಿನಿಂದ, ಬಡಾವಣೆ ಮತ್ತು ರಸ್ತೆಗಳಿಗೆ ದರ ಗೊತ್ತುಮಾಡುತ್ತದೆ. ರಾಜ್ಯದಾದ್ಯಂತ ಪರಿಷ್ಕೃತ ದರಗಳು ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ಒಪ್ಪಿದ ಬೆಲೆ, ಮಾರ್ಗಸೂಚಿ ಬೆಲೆ ಎರಡರಲ್ಲಿ ಹೆಚ್ಚಿನದರ ಮೇಲೆ ಮುದ್ರಾಂಕ ಶುಲ್ಕ ಬೀಳುತ್ತದೆ. ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿದ್ದಾರೆ ಎಂದು ಉಪನೋಂದಣಾಧಿಕಾರಿಗೆ ಅನಿಸಿದರೆ 45-ಎ ಸೆಕ್ಷನ್ ಅಡಿ ವಿಚಾರಣೆಗೆ ಕಳಿಸಬಹುದು. ಗೋಡೆ ಬಿರಿದಿದೆಯೇ, ಮಾಳಿಗೆ ಸೋರುತ್ತಿದೆಯೇ ಎಂಬುದನ್ನು ಈ ದರ ಕೇಳುವುದಿಲ್ಲ.

ಇತಿಹಾಸ

ಭಾರತದಲ್ಲಿ ಈ ವೃತ್ತಿ ಬೆಳೆದದ್ದು ಮನೆ ಕೊಳ್ಳುವವರ ಅಗತ್ಯದಿಂದಲ್ಲ, ಭೂಸ್ವಾಧೀನ ಮತ್ತು ತೆರಿಗೆಗಳಿಂದ. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಸರ್ಕಾರವೇ ಕೊಳ್ಳುವ ಪಕ್ಷ, ಪರಿಹಾರದ ಮೊತ್ತ ಹೇಳುವವರೂ ಸರ್ಕಾರದ ಅಧಿಕಾರಿಯೇ. ಹೀಗೆ ಕೊಳ್ಳುವವರೇ ಬೆಲೆ ಕಟ್ಟುವ ವ್ಯವಸ್ಥೆಗೆ ಮದ್ದಾಗಿ, ಒಪ್ಪದ ಭೂಮಾಲೀಕರು ವಿಷಯವನ್ನು ನ್ಯಾಯಾಲಯಕ್ಕೆ ಕಳಿಸುವಂತೆ ಕೋರಲು 18ನೇ ಸೆಕ್ಷನ್ ಅವಕಾಶ ಕೊಟ್ಟಿತ್ತು. 2014ರ ಜನವರಿ 1ರಂದು ಹೊಸ ಕಾಯ್ದೆ ಜಾರಿಯಾಗುವವರೆಗೂ ಇದೇ ಕ್ರಮ ನಡೆಯಿತು.

ಆಯ್ಕೆಯ ಪ್ರಶ್ನೆಗೆ ಹೆಚ್ಚು ಸ್ವಾರಸ್ಯದ ಉತ್ತರ 1957ರ ಸಂಪತ್ತು ತೆರಿಗೆ ಕಾಯ್ದೆಯ ಮೂಲ ರೂಪದಲ್ಲಿತ್ತು. ಆಸ್ತಿಯ ಬೆಲೆಯ ಬಗ್ಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ತಕರಾರು ಬಂದರೆ ಅದನ್ನು ಇಬ್ಬರು ಮೌಲ್ಯಮಾಪಕರಿಗೆ ಒಪ್ಪಿಸಬಹುದಿತ್ತು. ಒಬ್ಬರನ್ನು ತೆರಿಗೆದಾರರು, ಇನ್ನೊಬ್ಬರನ್ನು ಇಲಾಖೆ ಹೆಸರಿಸಬೇಕು; ಇಬ್ಬರ ಅಂಕಿ ಕೂಡದಿದ್ದರೆ ಮೂರನೆಯವರು ತೀರ್ಮಾನಿಸಬೇಕು. ಮನೆತನದ ಆಸ್ತಿ ಪಾಲಾಗುವಾಗ ಎರಡೂ ಕಡೆಯವರು ತಮ್ಮ ತಮ್ಮ ಪಂಚರನ್ನು ಕೂರಿಸುವ ಹಳ್ಳಿಯ ಪದ್ಧತಿಗೆ ಇದು ಬಹಳ ಹತ್ತಿರ. ಮುಂದಿನ ತಿದ್ದುಪಡಿಗಳಲ್ಲಿ ಈ ಏರ್ಪಾಡು ಕೈಬಿಟ್ಟುಹೋಯಿತು.

1972ರ ತೆರಿಗೆ ಕಾನೂನುಗಳ ತಿದ್ದುಪಡಿ ಇನ್ನೊಂದು ದಾರಿ ಹಿಡಿಯಿತು. ಇಲಾಖೆಯೊಳಗೆ ಮೌಲ್ಯಮಾಪನ ಅಧಿಕಾರಿಗಳು ಬಂದರು. ಹೊರಗೆ, ಸಂಪತ್ತು ತೆರಿಗೆ ಕಾಯ್ದೆಯ 34-ಎಬಿ ಸೆಕ್ಷನ್ ಅಡಿ, ನೋಂದಾಯಿತ ಮೌಲ್ಯಮಾಪಕರ ವರ್ಗ ಹುಟ್ಟಿತು. ಹಳೆಯ ಬೋರ್ಡುಗಳಲ್ಲಿ ಕಾಣುವ ‘ಗೌರ್ಮೆಂಟ್ ಅಪ್ರೂವ್ಡ್ ವ್ಯಾಲ್ಯುಯರ್’ ಎಂಬ ಬರಹದ ಮೂಲ ಇದು. ಸರ್ಕಾರ ಒಪ್ಪಿದ್ದು ಅವರ ಅರ್ಹತೆಯನ್ನು, ಅವರು ಬರೆಯುವ ಪ್ರತಿ ಅಂಕಿಯನ್ನಲ್ಲ. ಇವರ ಶುಲ್ಕಕ್ಕೆ ನಿಯಮಗಳು ಮಿತಿ ಹಾಕಿದವು, ಆದರೆ ಆ ಮಿತಿ ಆಸ್ತಿಯ ಬೆಲೆಯ ಶೇಕಡಾವಾರು ಲೆಕ್ಕದಲ್ಲಿತ್ತು. ಬೆಲೆ ಏರಿದಂತೆ ಶೇಕಡಾ ಪ್ರಮಾಣ ಇಳಿಯುತ್ತ ಹೋದರೂ ಒಟ್ಟು ಶುಲ್ಕ ಏರುತ್ತದೆ. ಹೆಚ್ಚು ಬೆಲೆ ಬರೆದವರಿಗೆ ಹೆಚ್ಚು ದುಡ್ಡು ಎಂಬ ಸಣ್ಣ ದೋಷ ಕಾನೂನಿನೊಳಗೇ ಉಳಿಯಿತು. ಸಂಪತ್ತು ತೆರಿಗೆ 2015ರ ಹಣಕಾಸು ಕಾಯ್ದೆಯಿಂದ ರದ್ದಾಯಿತು. ಆ ನಂತರವೂ, 2001ರ ಏಪ್ರಿಲ್ 1ಕ್ಕೆ ಮುಂಚೆ ಕೊಂಡ ಆಸ್ತಿಯನ್ನು ಮಾರುವವರು ಬಂಡವಾಳ ಲಾಭದ ಲೆಕ್ಕಕ್ಕಾಗಿ ಇವರ ಬಳಿಗೆ ಹೋಗುವುದು ನಿಲ್ಲಲಿಲ್ಲ. ಅಲ್ಲಿ ಆಯ್ಕೆ ಪೂರ್ತಿ ಮಾರುವವರದು. ಅದಕ್ಕೇ 2020ರ ತಿದ್ದುಪಡಿ ಒಂದು ಮಿತಿ ಹಾಕಿತು: 2001ರ ಏಪ್ರಿಲ್ 1ಕ್ಕೆ ಕಟ್ಟುವ ಬೆಲೆ ಅಂದಿನ ಮುದ್ರಾಂಕ ಬೆಲೆಯನ್ನು ಮೀರುವಂತಿಲ್ಲ.

ಬ್ಯಾಂಕುಗಳ ಕ್ರಮಕ್ಕೆ ತಿರುವು ಕೊಟ್ಟದ್ದು ರಿಸರ್ವ್ ಬ್ಯಾಂಕಿನ 2007ರ ಜನವರಿಯ ಸುತ್ತೋಲೆ. ಆಸ್ತಿಯಲ್ಲಿ ನೇರವಾಗಲಿ ಪರೋಕ್ಷವಾಗಲಿ ಹಿತಾಸಕ್ತಿ ಇಲ್ಲದ, ಅರ್ಹ, ಸ್ವತಂತ್ರ ಮೌಲ್ಯಮಾಪಕರ ಪಟ್ಟಿಯನ್ನು ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ ಇಟ್ಟುಕೊಳ್ಳಬೇಕೆಂದೂ, 50 ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ಆಸ್ತಿಗೆ ಕನಿಷ್ಠ ಎರಡು ವರದಿ ಪಡೆಯಬೇಕೆಂದೂ ಅದು ಹೇಳಿತು. ಸಾಮಾನ್ಯ ಮನೆಗೆ ಎರಡನೆಯ ಅಭಿಪ್ರಾಯ ಕಡ್ಡಾಯವಾಗಲಿಲ್ಲ. 2013ರ ಕಂಪನಿ ಕಾಯ್ದೆಯ 247ನೇ ಸೆಕ್ಷನ್ 2017ರ ಅಕ್ಟೋಬರಿನಲ್ಲಿ ಜಾರಿಗೆ ಬಂದು, ದಿವಾಳಿತನ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಮೌಲ್ಯಮಾಪಕರ ಮತ್ತೊಂದು ವರ್ಗ ರೂಪುಗೊಂಡಿತು. ಫಲಿತಾಂಶಕ್ಕೆ ಗಂಟುಹಾಕಿದ ಶುಲ್ಕ ಪಡೆಯಬಾರದೆಂಬುದು ಅವರ ನಡವಳಿಕೆ ಸಂಹಿತೆಯಲ್ಲಿದೆ. ವೃತ್ತಿಯನ್ನೆಲ್ಲ ಒಂದೇ ಚೌಕಟ್ಟಿಗೆ ತರುವ ಮಸೂದೆಯ ಕರಡನ್ನು ಎಂ. ಎಸ್. ಸಾಹೂ ನೇತೃತ್ವದ ಸಮಿತಿ 2020ರಲ್ಲಿ ಸಿದ್ಧಪಡಿಸಿತು.

ಲೆಕ್ಕ ಹಾಕುವ ಬಗೆ

ದಾವಣಗೆರೆಯಂಥ ಊರಿನಲ್ಲಿ ಹೆಚ್ಚಿನ ಮನೆಗಳು ಸ್ವಂತ ನಿವೇಶನದ ಮೇಲೆ ನಿಂತವು. ಆದ್ದರಿಂದ ನೆಲದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ ಕಟ್ಟಿ ಕೂಡುವ ಪದ್ಧತಿ ಬಳಕೆಯಲ್ಲಿದೆ. ಕಲ್ಪಿತ ಉದಾಹರಣೆಯೊಂದನ್ನು ನೋಡಬಹುದು.

30x40 ನಿವೇಶನ, ಅಂದರೆ 1,200 ಚದರಡಿ. ಚದರಡಿಗೆ 2,500 ರೂಪಾಯಿಯಂತೆ 30 ಲಕ್ಷ. ಮೇಲೆ ಹತ್ತು ಚದರದ ಆರ್‌ಸಿಸಿ ಮನೆ, ಅಂದರೆ 1,000 ಚದರಡಿ. ಇಂದು ಹೊಸದಾಗಿ ಕಟ್ಟಲು ಚದರಡಿಗೆ 1,800ರಂತೆ 18 ಲಕ್ಷ. ಮನೆಗೆ 20 ವರ್ಷ; ಆಯಸ್ಸು 60 ವರ್ಷವೆಂದೂ ಕೊನೆಗೆ ಉಳಿಯುವ ಸಾಮಾನಿನ ಬೆಲೆ ಶೇ. 10 ಎಂದೂ ಹಿಡಿದರೆ ಸವಕಳಿ ಶೇ. 30, ಅಂದರೆ 5.4 ಲಕ್ಷ. ಕಟ್ಟಡಕ್ಕೆ 12.6 ಲಕ್ಷ ಉಳಿಯುತ್ತದೆ, ಒಟ್ಟು 42.6 ಲಕ್ಷ.

ಇದೇ ಮನೆಗೆ 50 ಲಕ್ಷಕ್ಕೆ ಅಗ್ರಿಮೆಂಟ್ ಆಗಿದೆ ಎನ್ನೋಣ. ರಿಸರ್ವ್ ಬ್ಯಾಂಕಿನ ಮಿತಿಯಂತೆ 30 ಲಕ್ಷ ಮೀರಿದ, 75 ಲಕ್ಷದೊಳಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ. 80ನ್ನು ದಾಟುವಂತಿಲ್ಲ. 50 ಲಕ್ಷಕ್ಕೆ 40 ಲಕ್ಷ ಸಾಲ ಸಿಗುತ್ತದೆಂದು ಎಣಿಸಿದ್ದವರಿಗೆ 42.6 ಲಕ್ಷದ ಮೇಲೆ ಸಿಗುವುದು 34.08 ಲಕ್ಷ. ಉಳಿದ 5.92 ಲಕ್ಷವನ್ನು ಕೈಯಿಂದ ಹಾಕಬೇಕು, ಇಲ್ಲವೇ ಮುಂಗಡ ಬಿಡಬೇಕು. ಮುದ್ರಾಂಕ, ನೋಂದಣಿ ವೆಚ್ಚಗಳು ಇದರ ಮೇಲೆ.

ಒತ್ತಡ ಎಲ್ಲಿ ಕೆಲಸ ಮಾಡುತ್ತದೆ ಎಂಬುದೂ ಇದೇ ಲೆಕ್ಕದಲ್ಲಿ ಕಾಣುತ್ತದೆ. ನೆಲದ ದರವನ್ನು ಚದರಡಿಗೆ 300 ರೂಪಾಯಿ ಏರಿಸಿದರೆ 3.6 ಲಕ್ಷ ಕೂಡುತ್ತದೆ. ಮನೆಯ ವಯಸ್ಸನ್ನು 20ರ ಬದಲು 10 ಎಂದು ಬರೆದರೆ ಇನ್ನೂ 2.7 ಲಕ್ಷ. ಎರಡೂ ಸೇರಿದರೆ 48.9 ಲಕ್ಷ, ವ್ಯವಹಾರ ಮುರಿಯದೆ ಮುಂದೆ ಸಾಗುತ್ತದೆ. ನೋಡುವವರಿಗೆ ಇದು ಸುಳ್ಳಿನಂತೆ ಕಾಣುವುದಿಲ್ಲ, ಅಂದಾಜಿನಲ್ಲಿನ ಸ್ವಲ್ಪ ಧಾರಾಳದಂತೆ ಕಾಣುತ್ತದೆ.

ದಾವಣಗೆರೆ

1997ರಲ್ಲಿ ಜಿಲ್ಲಾಕೇಂದ್ರವೂ 2007ರಲ್ಲಿ ಮಹಾನಗರ ಪಾಲಿಕೆಯೂ ಆದ ದಾವಣಗೆರೆಯಲ್ಲಿ ಬಡಾವಣೆ ಬಡಾವಣೆಗೂ ಮೌಲ್ಯಮಾಪನದ ತೊಡಕು ಬೇರೆ. ಚೌಕಿಪೇಟೆ, ಮಂಡಿಪೇಟೆಯಂಥ ಹಳೆಯ ಪೇಟೆಗಳಲ್ಲಿ ಕಟ್ಟಡದ ಬೆಲೆ ನಗಣ್ಯ, ರಸ್ತೆಗೆ ಮುಖವಿರುವ ಅಡಿಗಳೇ ಎಲ್ಲ. ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕುಗಳು, ವಿದ್ಯಾನಗರದಂಥ ಕಡೆ ನೆಲದ ಬೆಲೆಯೇ ಮುಂದು.

ಊರಿನಂಚಿನ ಹೊಸ ಬಡಾವಣೆಗಳಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ನೋಡಬೇಕು. ಮೊದಲನೆಯದು ನೆಲ. ಭದ್ರಾ ನಾಲೆಯ ನೀರುಂಡ ಗದ್ದೆಗಳೂ ಎರೆ ಹೊಲಗಳೂ ನಿವೇಶನಗಳಾಗಿವೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯ ಆಳಕ್ಕೆ ಹೋಗದ ಮನೆಯ ಗೋಡೆಯಲ್ಲಿ ಓರೆ ಬಿರುಕು ಕಾಣಿಸಿಕೊಳ್ಳುತ್ತದೆ. ಬಣ್ಣ ಹೊಡೆದ ಹೊಸತರಲ್ಲಿ ಅದು ಕಣ್ಣಿಗೆ ಬೀಳದು. ಎರಡನೆಯದು ಕಾಗದ. ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ‘ದೂಡಾ’, ಒಪ್ಪಿದ ನಕ್ಷೆಯ ನಿವೇಶನಕ್ಕೂ ಅನುಮೋದನೆಯಿಲ್ಲದ ಬಡಾವಣೆಯ ನಿವೇಶನಕ್ಕೂ ನಡುವೆ ಬೇಲಿಯಷ್ಟೇ ಅಂತರವಿದ್ದರೂ ಸಾಲದ ದೃಷ್ಟಿಯಲ್ಲಿ ಅವು ಬೇರೆ ಬೇರೆ ಸರಕು. 2024ರಿಂದ ನೋಂದಣಿಗೆ ಇ-ಖಾತೆ ಬೇಕಾಗಿರುವುದು ಈ ಭೇದವನ್ನು ಇನ್ನಷ್ಟು ಎದ್ದುಕಾಣುವಂತೆ ಮಾಡಿದೆ.

ಮಧ್ಯಮ ಗಾತ್ರದ ಊರಿನ ನಿಜವಾದ ಸಮಸ್ಯೆ ಪರಿಚಯ. ನಕ್ಷೆ ಬರೆದವರು, ಎಸ್ಟಿಮೇಟ್ ಕೊಟ್ಟವರು, ಬ್ಯಾಂಕಿನ ಪಟ್ಟಿಯಲ್ಲಿರುವವರು ಒಬ್ಬರೇ ಆಗಿರುವ ಸಾಧ್ಯತೆ ಇಲ್ಲಿ ಬೆಂಗಳೂರಿಗಿಂತ ಹೆಚ್ಚು. ‘ನಮ್ಮ ಎಂಜಿನಿಯರ್ ಇದ್ದಾರೆ, ನೋಡ್ಕೊಳ್ತಾರೆ’ ಎಂದು ದಲ್ಲಾಳಿ ಕೊಡುವ ಭರವಸೆಯನ್ನು ಅನುಕೂಲವೆಂದು ಎಣಿಸುವವರೇ ಹೆಚ್ಚು.

ಹರಿಹರ

ತುಂಗಭದ್ರೆಯ ದಡದ ಹರಿಹರದಲ್ಲಿ ಮನೆಯ ಬೆಲೆ ಕಾರ್ಖಾನೆಗಳ ಜೊತೆ ಏರಿಳಿದಿದೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಮುಚ್ಚಿದಾಗ, ಸಂಬಳವನ್ನೇ ನಂಬಿದ್ದ ಊರಿನಲ್ಲಿ ಕೊಳ್ಳುವವರು ಕಡಿಮೆಯಾದರು. ಹತ್ತಿರದ ಮಾರಾಟಗಳನ್ನು ಹೋಲಿಸಿ ಬೆಲೆ ಕಟ್ಟುವ ಪದ್ಧತಿ ಇಂಥ ಕಡೆ ಸೋಲುತ್ತದೆ, ಹೋಲಿಸಲು ಮಾರಾಟಗಳೇ ಇರುವುದಿಲ್ಲ. ಹೊಳೆಯಂಚಿನ ಮನೆಗಳಲ್ಲಿ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಮಾರ್ಗಸೂಚಿ ದರದಲ್ಲಿ ಇರುವುದಿಲ್ಲ. ಅಕ್ಕಪಕ್ಕದವರನ್ನು ಕೇಳುವ ಮೌಲ್ಯಮಾಪಕರಿಗಷ್ಟೇ ತಿಳಿಯುತ್ತದೆ.

ಹೊರನಾಡುಗಳ ಅನುಭವ

ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1989ರಲ್ಲಿ ತೀರ್ಮಾನಿಸಿದ ಸ್ಮಿತ್ ವಿರುದ್ಧ ಎರಿಕ್ ಎಸ್. ಬುಷ್ ಪ್ರಕರಣ ಇಲ್ಲಿ ಮುಖ್ಯ. ಸಾಲ ಕೊಟ್ಟ ಸಂಸ್ಥೆ ಆರಿಸಿದ ಸರ್ವೇಯರ್, ಮುಖ್ಯ ದುರಸ್ತಿ ಯಾವುದೂ ಬೇಕಿಲ್ಲವೆಂದು ಬರೆದಿದ್ದರು. ಕೆಳಗಿನ ಆಧಾರ ತೆಗೆದುಹಾಕಿದ್ದ ಚಿಮಣಿ ಸುಮಾರು ಒಂದೂವರೆ ವರ್ಷದಲ್ಲಿ ಮನೆಯೊಳಗೆ ಕುಸಿಯಿತು. ವರದಿ ಸಾಲದ ಸಂಸ್ಥೆಗಾಗಿ ಬರೆದದ್ದಾದರೂ, ಸಾಧಾರಣ ಬೆಲೆಯ ಮನೆ ಕೊಳ್ಳುವವರು ಅದನ್ನೇ ನಂಬುತ್ತಾರೆಂದು ಗೊತ್ತಿರುವ ಸರ್ವೇಯರ್‌ಗೆ ಅವರ ಬಗ್ಗೆಯೂ ಹೊಣೆಯಿದೆ ಎಂದು ನ್ಯಾಯಾಲಯ ಹೇಳಿತು. ಅಮೆರಿಕದಲ್ಲಿ ಗೃಹಸಾಲದ ಕುಸಿತದ ನಂತರ, 2009ರ ನೀತಿಸಂಹಿತೆ ಸಾಲದ ದಲ್ಲಾಳಿಗಳು ಮೌಲ್ಯಮಾಪಕರನ್ನು ಆರಿಸುವುದನ್ನು ತಡೆಯಿತು. 2010ರ ಡಾಡ್-ಫ್ರಾಂಕ್ ಕಾಯ್ದೆ ಮೌಲ್ಯಮಾಪಕರ ಸ್ವಾತಂತ್ರ್ಯವನ್ನು ಕಾನೂನಾಗಿಸಿತು. ವರದಿಯ ಪ್ರತಿ ಸಾಲಗಾರರಿಗೆ ಸಿಗಬೇಕೆಂಬ ನಿಯಮವೂ ಅಲ್ಲಿದೆ.

ಆಯ್ಕೆಯ ಹಕ್ಕು

ಬ್ಯಾಂಕು ತನ್ನ ಮೌಲ್ಯಮಾಪಕರನ್ನು ತಾನೇ ಆರಿಸುವುದು ತಪ್ಪಲ್ಲ. ಅದರ ಪ್ರಶ್ನೆ ಒಂದೇ: ಕಂತು ನಿಂತರೆ, 2002ರ ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕಿದರೆ, ಸಾಲ ವಾಪಸು ಬರುತ್ತದೆಯೇ? ಆ ಪ್ರಶ್ನೆಗೆ ಕೊಳ್ಳುವವರು ತಂದ ವರದಿ ಸಾಲದು. ಆದರೆ ಕೊಳ್ಳುವವರ ಪ್ರಶ್ನೆ ಬೇರೆ: ಈ ಮನೆಗೆ ಇಷ್ಟು ಕೊಡಬಹುದೇ, ಇದರ ಪಾಯ ಗಟ್ಟಿಯಿದೆಯೇ? 50 ಲಕ್ಷದ ಮನೆ 43 ಲಕ್ಷಕ್ಕಷ್ಟೇ ಬಾಳುವುದಾದರೂ ಬ್ಯಾಂಕಿನ 34 ಲಕ್ಷ ಭದ್ರ. ಹೋಗುವ 7 ಲಕ್ಷ ಕೊಳ್ಳುವವರ ಉಳಿತಾಯದ್ದು. ಬ್ಯಾಂಕ್ ಸಾಲ ಕೊಟ್ಟಿತು ಎಂಬುದು ಬೆಲೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹೀಗಾಗಿ ‘ಯಾರು ಆರಿಸಬೇಕು’ ಎಂಬ ಪ್ರಶ್ನೆಗಿಂತ ‘ಯಾರು ಆರಿಸಬಾರದು’ ಎಂಬುದಕ್ಕೆ ಉತ್ತರ ಸ್ಪಷ್ಟ: ವ್ಯವಹಾರ ಮುಗಿದರೆ ಮಾತ್ರ ದುಡ್ಡು ಕಾಣುವ ಮಾರುವವರು, ದಲ್ಲಾಳಿ, ಬಿಲ್ಡರ್, ಕಮಿಷನ್ ಮೇಲೆ ದುಡಿಯುವ ಸಾಲದ ಏಜೆಂಟ್. ಬ್ಯಾಂಕಿನೊಳಗೂ ಸಾಲ ತರುವವರೇ ಪಟ್ಟಿಯಿಂದ ಹೆಸರು ಆರಿಸದಿರುವುದು ಲೇಸು. ಕೊಳ್ಳುವವರು ಬ್ಯಾಂಕಿನ ವರದಿಗೆ ಕಾಯದೆ, ಮುಂಗಡ ಕೊಡುವ ಮುನ್ನ, ಆ ಮನೆಯ ನಕ್ಷೆಗೂ ಕಟ್ಟೋಣಕ್ಕೂ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರನ್ನು ಸ್ವಂತ ಖರ್ಚಿನಲ್ಲಿ ಗೊತ್ತುಮಾಡಲು ಕಾನೂನಿನ ಅಡ್ಡಿಯಿಲ್ಲ. ಆದರೆ ಪೇಟೆಯ ರೂಢಿ ತಿರುವುಮುರುವು: ಮುಂಗಡ ಮೊದಲು, ವ್ಯಾಲ್ಯುಯೇಷನ್ ಆಮೇಲೆ.

ದಾವಣಗೆರೆಗೆ ಈ ತತ್ವ ಹೊಸದಲ್ಲ. 1966ರ ಕೃಷಿ ಮಾರುಕಟ್ಟೆ ಕಾಯ್ದೆಯಡಿ ಎಪಿಎಂಸಿ ಪ್ರಾಂಗಣದಲ್ಲಿ ತೂಕದವರಿಗೆ ಲೈಸೆನ್ಸ್ ಕೊಡುವುದು ಮಾರುಕಟ್ಟೆ ಸಮಿತಿ, ಮೆಕ್ಕೆಜೋಳ ಕೊಳ್ಳುವವರಲ್ಲ, ಮಾರುವವರೂ ಅಲ್ಲ. ಒಂದು ಚೀಲ ಕಾಳಿಗೆ ಪಾಲಿಸುವ ಈ ಎಚ್ಚರ, ಜೀವಮಾನದ ಉಳಿತಾಯ ಹಾಕಿ ಕೊಳ್ಳುವ ಮನೆಗೆ ಇನ್ನೂ ಬಂದಿಲ್ಲ.